ಸವೆಯದ ಟೈರು

೬ ನವೆಂಬರ್ ೧೯೮೩, ಭಾನುವಾರ

ನಲವತ್ತೇಳು ವರ್ಷದ ಗಣಿತದ ಟೀಚರು ಮಾಡಬಾರದ ಕೆಲಸವನ್ನು ಇವತ್ತು ಮಾಡಿ ಬಂದಿದ್ದೇನೆ. ಹೊಸಕೋಟೆಯ ಆಚೆ, ವಿಮಾನಗಳು ಎಂದೋ ಬಿಟ್ಟುಹೋದ ರನ್‌ವೇ ಪಕ್ಕದಲ್ಲಿ, ತಲೆ ತುಂಬ ಸೆರಗು ಹೊದ್ದು, ಸ್ಕೂಲಿನ ಸ್ಟಾಪ್‌ವಾಚು ಹಿಡಿದು ಮಡಿಸುವ ಕುರ್ಚಿಯ ಮೇಲೆ ಕೂತಿದ್ದೆ. ಎದುರಿಗೆ ಐದು ಕಾರುಗಳು ಸುತ್ತು ಹೊಡೆಯುತ್ತಿದ್ದವು. ಅವುಗಳಲ್ಲಿ ಒಂದರೊಳಗೆ ನನ್ನ ಒಬ್ಬನೇ ಮಗ ಆಂಜಿನಯ್ಯ.

ಕಾರು ಎನ್ನುವುದು ದೊಡ್ಡ ಮಾತಾಯಿತು. ಬಾಗಿಲಿಲ್ಲ, ಚಾವಣಿಯಿಲ್ಲ, ಒಬ್ಬ ಕಾಲು ಚಾಚಿ ಒರಗುವಷ್ಟು ಜಾಗ, ಹಿಂದೆ ಫಿಯಟ್ ಎಂಜಿನ್ನು. ಅದನ್ನು ಫಾರ್ಮುಲಾ ಕಾರು ಎನ್ನುತ್ತಾರೆ. ಕಟ್ಟಿದವರು ನಮ್ಮ ಚಾಮರಾಜಪೇಟೆಯಲ್ಲೇ ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವ ರೀಟ್ರೆಡ್ ಅಂಗಡಿ ಇಟ್ಟಿರುವ ಮರಿಯಣ್ಣನವರು. ಫೆಬ್ರವರಿಯಲ್ಲಿ ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ರೇಸು. ಇವನು ಓಡಿಸುವವನಂತೆ. ಇತ್ತ ಬ್ಯಾಂಕಿನ ಕೆಲಸದ ಆರ್ಡರು ಬಂದು ದೇವರ ಪಟದ ಹಿಂದೆ ಕೂತಿದೆ. ಜನವರಿ ಮುಗಿಯುವುದರೊಳಗೆ ಸೇರದಿದ್ದರೆ ಅದು ಇನ್ನೊಬ್ಬರ ಪಾಲು.

ಅತ್ತು ನೋಡಿದೆ, ಊಟ ಬಿಟ್ಟು ನೋಡಿದೆ. ಕೊನೆಗೆ ಅವನೇ ದಾರಿ ತೋರಿಸಿದ.

"ನಾನು ನಿಧಾನ ಅಂತ ಲೆಕ್ಕದಲ್ಲಿ ತೋರಿಸಮ್ಮ, ಬಿಟ್ಬಿಡ್ತೀನಿ."

"ಲೆಕ್ಕ ಯಾರು ಇಡೋದು?"

"ನೀನೇ ಇಡು. ನಿನಗಿಂತ ಕಟ್ಟುನಿಟ್ಟು ಯಾರಿದಾರೆ?"

ಒಪ್ಪಂದ ಇಷ್ಟು: ಹೊಸ ವರ್ಷದ ಹೊತ್ತಿಗೆ ಈ ಐದು ಜನರಲ್ಲಿ ಮೊದಲ ಮೂವರೊಳಗೆ ಅವನಿಲ್ಲದಿದ್ದರೆ ಬ್ಯಾಂಕಿಗೆ ಸೇರಬೇಕು. ಇವತ್ತಿನ ಅಭ್ಯಾಸದಲ್ಲಿ ಅವನು ನಾಲ್ಕನೆಯವನು. ಮನೆಗೆ ಬಂದು ಶಾವಿಗೆ ಪಾಯಸ ಮಾಡಿದೆ.

೧೩ ನವೆಂಬರ್, ಭಾನುವಾರ

ಇವತ್ತೂ ನಾಲ್ಕನೆಯವನೇ. ಅಲ್ಲಿಗೇ ಬಿಡಬಹುದಾಗಿತ್ತು. ಆದರೆ ಅರ್ಧ ಲೆಕ್ಕ ಮಾಡಿ ಉತ್ತರ ಬರೆಯುವ ಹುಡುಗಿಯರ ಕಿವಿ ಹಿಂಡುವವಳು ನಾನು.

ಎಲ್ಲರೂ ನೋಡುವುದು ಒಂದೇ ಅಂಕಿ, ಯಾರ ಒಂದು ಸುತ್ತು ಎಲ್ಲರಿಗಿಂತ ಬೇಗ ಮುಗಿಯಿತು ಎಂದು. ಹಳದಿ ಕಾರಿನವನು ಆ ಅಂಕಿ ಹಿಡಿದುಕೊಂಡು ಮೀಸೆ ತಿರುವುತ್ತಿದ್ದ. ವಿಚಾರಿಸಿದರೆ ಅವನ ಟ್ಯಾಂಕಿನಲ್ಲಿ ಇದ್ದದ್ದು ಒಂದು ಚೊಂಬು ಪೆಟ್ರೋಲು. ಕಾರು ಹಗುರವಿದ್ದರೆ ಓಡದೇ ಏನು ಮಾಡುತ್ತದೆ. ರೇಸಿನ ದಿನ ತುಂಬಿದ ಟ್ಯಾಂಕು ಹೊತ್ತು ಹೊರಡಬೇಕಲ್ಲ. ಉತ್ತರ ಗೊತ್ತಿರುವ ಒಂದೇ ಪ್ರಶ್ನೆಗೆ ಕೈಯೆತ್ತುವ ಜಾತಿ ಅದು, ನನಗೆ ಚೆನ್ನಾಗಿ ಗೊತ್ತು.

ಕೆಂಪು ಕಾರಿನವನು ಮೊದಲಿಗೆ ಗಾಳಿಯಂತೆ ಹೋದ. ಹತ್ತು ಸುತ್ತಾದ ಮೇಲೆ ಪ್ರತಿ ಸುತ್ತಿಗೂ ಹಿಂದೆ ಬೀಳುತ್ತ ಬಂದ. ಟೈರು ಸವೆದರೆ ನೆಲದ ಹಿಡಿತ ಹೋಗುತ್ತದಂತೆ. ಆಂಜಿಯ ಅಂಕಿಗಳ ಸಾಲು ಮಾತ್ರ ವಿಚಿತ್ರ. ಅವನ ಮೊದಲ ಸುತ್ತು ಎಷ್ಟೋ ಕೊನೆಯ ಸುತ್ತೂ ಹೆಚ್ಚುಕಡಿಮೆ ಅಷ್ಟೇ.

ಇದು ನನಗೆ ಅನುಕೂಲವಲ್ಲ. ಆದರೂ ಬರೆದಿಟ್ಟಿದ್ದೇನೆ.

೨೦ ನವೆಂಬರ್, ಭಾನುವಾರ

ಈ ಟೈರುಗಳ ಮೈ ನುಣ್ಣಗಿರುತ್ತದೆ. ಸವೆತ ತಿಳಿಯಲೆಂದು ಅಲ್ಲಲ್ಲಿ ಸಣ್ಣ ಗುಳಿಗಳಿವೆ. ಕೈವಾರದ ಮುಳ್ಳನ್ನು ಗುಳಿಗೆ ಇಳಿಸಿ ಸ್ಕೇಲಿನ ಮೇಲಿಟ್ಟು ಆಳ ಅಳೆದೆ. ಕೆಂಪು ಕಾರಿನವರದ್ದನ್ನೂ ಅಳೆಯಲು ಹೋದೆ. ಆ ಕಡೆಯವರು ಮುಖ ಸಿಂಡರಿಸಿದರು. "ಸುಮ್ನೆ ನಿಲ್ಲಿ," ಎಂದೆ. ನಿಂತರು.

ಅವರ ಟೈರು ಅರ್ಧ ಹೋಗಿದೆ. ಆಂಜಿಯದು ಅಂಗಡಿಯಿಂದ ಬಂದ ಹಾಗೆಯೇ ಇದೆ. ಮರಿಯಣ್ಣನವರು ಕಾರು ನಿಂತ ಕೂಡಲೇ ಟೈರಿನ ಮೇಲೆ ಅಂಗೈ ಇಟ್ಟು ಹುಬ್ಬು ಗಂಟು ಹಾಕಿದರು.

"ಬೇರೆಯೋರ್ದು ಮುಟ್ಟಿದ್ರೆ ಕೈ ಸುಡ್ತದೆ ಟೀಚರಮ್ಮ. ಇದು ಬರೀ ಬೆಚ್ಚಗಿದೆ."

"ಅದಕ್ಕೇ ಸವೆದಿಲ್ಲ ಮರಿಯಣ್ಣೋರೆ. ಅವನು ದುಂದು ಮಾಡಲ್ಲ."

ದುಂದು ಮಾಡಲು ಅವನಿಗೆ ಕಲಿಸಿದವರಾದರೂ ಯಾರು? ನಮ್ಮ ಮನೆಯಲ್ಲಿ ಸೋಪಿನ ಚೂರು ಹೊಸ ಸೋಪಿಗೆ ಅಂಟುತ್ತದೆ, ಹಾಲಿನ ಪಾತ್ರೆ ತೊಳೆದ ನೀರು ಹಿಟ್ಟಿಗೆ ಹೋಗುತ್ತದೆ. ಹಾಗೆ ಬೆಳೆದವನು ಟೈರನ್ನು ಸುಟ್ಟು ಬಿಸಾಡುತ್ತಾನೆಯೇ. ರೇಸು ಬೇಡದ ಕೆಲಸ ನಿಜ, ಆದರೆ ಬೇಡದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದಾನೆ.

ಭಾನುವಾರ ಬೆಳಿಗ್ಗೆ ಅವನು ಏನೂ ತಿನ್ನುವುದಿಲ್ಲ. ದೋಸೆ ಹಾಕಿಕೊಟ್ಟರೆ ತಟ್ಟೆ ಸರಿಸುತ್ತಾನೆ. ಮೈಭಾರ ಕಡಿಮೆ ಇರಲೆಂದು ಇರಬೇಕು. ಎಷ್ಟು ಯೋಚನೆ ಮಾಡುತ್ತಾನೆ.

೨೩ ನವೆಂಬರ್, ಬುಧವಾರ

ಒಂಬತ್ತನೇ ತರಗತಿಗೆ ಸರಾಸರಿಯ ಪಾಠ. ಪುಸ್ತಕದಲ್ಲಿದ್ದ ಹಾಲಿನ ಡೈರಿಯ ಲೆಕ್ಕ ಬಿಟ್ಟು ಕೆಂಪು ಕಾರಿನ ಸುತ್ತುಗಳನ್ನು ಕೊಟ್ಟೆ. ಹುಡುಗಿಯರು ಗ್ರಾಫ್ ಬರೆದು ಟೈರು ಎಲ್ಲಿ ಸೋಲುತ್ತದೆಂದು ಬೆರಳಿಟ್ಟು ತೋರಿಸಿದರು. ಹೆಡ್‌ಮಿಸ್ಟ್ರೆಸ್ ಕಿಟಕಿಯಿಂದ ಇಣುಕಿ ಹೋದರು.

೪ ಡಿಸೆಂಬರ್, ಭಾನುವಾರ

ನಮ್ಮ ಅತ್ತೆ ಮಾರಕ್ಕನಿಗೆ ಕಣ್ಣು ಮಂಜಾದರೂ ಕಿವಿ ಚುರುಕು.

"ಏನೇ ಶಕುಂತಲಾ, ಒಗ್ಗರಣೆ ಹಾಕ್ತಾ ಹಾಡ್ತಿದ್ದೀಯ."

"ಇಲ್ಲ ಅತ್ತೆ. ಕೆಮ್ಮು."

"ರಾಗವಾಗಿ ಕೆಮ್ತಿದ್ದೀಯ."

ಯಜಮಾನರು ಹೋದ ಮೇಲೆ ಈ ಮನೆಯಲ್ಲಿ ಹಾಡುವುದು ರೇಡಿಯೋ ಒಂದೇ. ಅತ್ತೆಗೆ ವಯಸ್ಸಾಯಿತು, ಒಂದಿದ್ದರೆ ಇನ್ನೊಂದು ಕೇಳಿಸುತ್ತದೆ.

ಇವತ್ತು ಮರಿಯಣ್ಣನವರು ಪರದೇಶದಿಂದ ತರಿಸಿದ ಸೀಮೆ ಟೈರುಗಳನ್ನು ತೋರಿಸಿದರು. ಮೆದು ರಬ್ಬರಿನ ನಾಲ್ಕರ ಒಂದು ಸೆಟ್ಟು, ಬಟ್ಟೆ ಸುತ್ತಿ ಅಟ್ಟದಲ್ಲಿಟ್ಟಿದ್ದಾರೆ. ಮೆದು ಟೈರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಬೇಗ ಮುಗಿದುಹೋಗುತ್ತದೆ. ಗಟ್ಟಿ ಟೈರು ಬಾಳಿಕೆ ಬರುತ್ತದೆ, ಹಿಡಿತ ಕಡಿಮೆ. ಮಧ್ಯದಲ್ಲಿ ನಿಲ್ಲಿಸಿ ಬದಲಾಯಿಸುತ್ತ ಕೂರುವಷ್ಟು ಪುರಸೊತ್ತು ರೇಸಿನಲ್ಲಿಲ್ಲ. ಹಾಗಾಗಿ ಎಲ್ಲರೂ ಗಟ್ಟಿ ಟೈರಿನಲ್ಲೇ ಓಡುತ್ತಾರೆ.

ಅಲ್ಲೇ ನನಗೆ ಹೊಳೆಯಿತು. ಟೈರು ಸವೆಸದವನಿಗೆ ಮೆದು ಟೈರು ಹಾಕಿದರೆ? ಅವನೊಬ್ಬನೇ ಅದನ್ನು ಕೊನೆಯವರೆಗೂ ಉಳಿಸಿಕೊಳ್ಳಬಲ್ಲ. ಮರಿಯಣ್ಣನವರು ಟೈರಿಗೆ ಮತ್ತೆ ಬಟ್ಟೆ ಸುತ್ತುತ್ತ, "ನೀವು ಗಂಡಸಾಗಿದ್ರೆ ನಿಮ್ನ ಪಾರ್ಟ್ನರ್ ಮಾಡ್ಕೊಂಬಿಡ್ತಿದ್ದೆ," ಎಂದರು. ಹೊಗಳಿಕೆಯಂತೆ ಹೇಳಿದರು. ಹೊಗಳಿಕೆಯೆಂದೇ ತೆಗೆದುಕೊಂಡೆ.

೧೮ ಡಿಸೆಂಬರ್, ಭಾನುವಾರ

ಮೆದು ಟೈರಿನಲ್ಲಿ ಓಡಿಸಿ ನೋಡಿದೆವು. ನಾನಂದುಕೊಂಡಷ್ಟು ವೇಗ ಬರಲಿಲ್ಲ. ಆದರೆ ಟೈರು ಮಾತ್ರ ಹಾಗೇ ಇದೆ. ಇಡೀ ರೇಸಿನ ಸುತ್ತುಗಳನ್ನು ಕೂಡಿ ನೋಡಿದರೆ ಹಳದಿ ಕಾರು, ನೀಲಿ ಕಾರು, ಹಸಿರು ಕಾರು ಎಲ್ಲವೂ ಹಿಂದೆ. ಕೆಂಪು ಮೊದಲು, ಆಂಜಿ ಎರಡನೆಯವನು.

ಬರುವಾಗ ವ್ಯಾನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಆಂಜಿ ಕಿಟಕಿಯಾಚೆ ನೋಡುತ್ತಿದ್ದ.

"ಅಂದ್ರೆ ನಾನು ಮೂರರೊಳಗೆ ಬಂದ್ನಾ?"

"ಬಂದೆ."

"ಒಂದ್ಸಲ ಸರಿಯಾಗಿ ನೋಡಮ್ಮ. ತಪ್ಪಾಗಿರಬಹುದು."

"ನನ್ನ ಲೆಕ್ಕ ತಪ್ಪಾಗೋದಾ?"

ಎಷ್ಟು ವಿನಯ ಇವನಿಗೆ. ಅಪ್ಪನ ಗುಣ.

೧ ಜನವರಿ ೧೯೮೪, ಭಾನುವಾರ

ಒಪ್ಪಂದದ ದಿನ. ನಾನು ಸೋತಿದ್ದೇನೆ. ಮಾತಿಗೆ ತಪ್ಪುವವಳಲ್ಲ, ಹಾಗಾಗಿ ಬ್ಯಾಂಕಿಗೆ ಒಂದು ಅರ್ಜಿಯನ್ನೂ ನಾನೇ ಬರೆದೆ. ಅನಿವಾರ್ಯ ಕಾರಣಗಳಿಂದ ಕೆಲಸಕ್ಕೆ ಸೇರಲು ಮಾರ್ಚ್‌ವರೆಗೆ ಅವಕಾಶ ಕೊಡಬೇಕೆಂದು. ಕೊಡದಿದ್ದರೆ ಏನು ಮಾಡುವುದೆಂದು ಅತ್ತೆ ಕೇಳಿದರು. ಬ್ಯಾಂಕುಗಳಿಗೇನು ಬರವೇ, ಇನ್ನೊಂದು ಪರೀಕ್ಷೆ ಬರೆದರಾಯಿತು ಎಂದೆ.

ಆಂಜಿ ಸಹಿ ಹಾಕಲು ಪೆನ್ನು ಹುಡುಕಿದ. ಜೇಬಿನಲ್ಲೇ ಇತ್ತು. ಹಾಕಿದ ಮೇಲೆ ಲಕೋಟೆಯನ್ನು ತಾನೇ ಪೋಸ್ಟ್ ಮಾಡುತ್ತೇನೆಂದು ತೆಗೆದುಕೊಂಡ.

ಸಂಜೆ ವಿ.ವಿ. ಪುರಂನಿಂದ ಎಲ್ಲರಿಗೂ ಹೋಳಿಗೆ ತಂದೆ. ಸೋತವರು ಸಿಹಿ ಹಂಚಬಾರದೆಂದು ಎಲ್ಲಿಯೂ ಬರೆದಿಲ್ಲ.

೧೫ ಜನವರಿ, ಭಾನುವಾರ

ನಿನ್ನೆ ಹಬ್ಬ. ಇವತ್ತು ಬೆಳಿಗ್ಗೆ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಹೊಸಕೋಟೆಗೆ ಹೊರಟಾಗ ನನಗಿದ್ದ ಉತ್ಸಾಹ ಇಷ್ಟಿಷ್ಟಲ್ಲ.

ಮೂಲೆಯಲ್ಲಿ ಅವನು ಟೈರನ್ನು ಹೇಗೆ ಉಳಿಸುತ್ತಾನೆಂದು ಕಣ್ಣಾರೆ ನೋಡಬೇಕೆನಿಸಿತು. ಹೊರಡುವ ಗೆರೆಯ ಹತ್ತಿರ ಮರಿಯಣ್ಣನವರನ್ನು ಕೂರಿಸಿ, ರನ್‌ವೇ ಆ ತುದಿಗೆ ನಡೆದುಕೊಂಡು ಹೋದೆ. ಅಲ್ಲಿ ಕಾರುಗಳು ನೇರ ದಾರಿಯಿಂದ ಬಂದು ಎಡಕ್ಕೆ ತಿರುಗಬೇಕು. ಗುರುತಿಗೆ ಒಂದು ಬಿಳಿ ಡ್ರಮ್ಮು ಇಟ್ಟಿದ್ದಾರೆ. ಕೆಂಪು ಕಾರು ಡ್ರಮ್ಮಿನವರೆಗೂ ಕಿರುಚುತ್ತ ಬಂದು ಅಲ್ಲಿ ಬ್ರೇಕು ಹಾಕಿತು. ಹಳದಿಯೂ ಹಾಗೆಯೇ.

ಆಂಜಿ ಬಂದ. ಡ್ರಮ್ಮು ಇನ್ನೂ ಬಹಳ ದೂರವಿರುವಾಗಲೇ ಎಂಜಿನ್ನಿನ ಸದ್ದು ಇಳಿದುಹೋಯಿತು. ಕಾರು ಮೆಲ್ಲಗೆ, ಸ್ಕೂಲಿನ ಗೇಟಿನ ಮುಂದೆ ಹೋಗುವ ಹಾಗೆ, ತಿರುಗಿ ಹೋಯಿತು. ಮುಂದಿನ ಸುತ್ತೂ ಹಾಗೇ. ಅದರ ಮುಂದಿನದೂ ಹಾಗೇ, ಅದೇ ಜಾಗದಲ್ಲಿ.

ಉಳಿತಾಯ ಅಂದರೆ ಇದಲ್ಲ. ಹಾವಿನ ಹುತ್ತದ ಹತ್ತಿರ ಬಂದವರು ಹೀಗೆ ಕಾಲು ತಡೆಯುತ್ತಾರೆ.

ಇದು ನನಗೆ ಅರ್ಥವಾಗುವ ಹೊತ್ತಿಗೆ ಅವನಿಗೆ ನಾನು ಕಾಣಿಸಿದ್ದೆ. ಮುಂದಿನ ಸುತ್ತಿನಲ್ಲಿ ಸದ್ದು ಇಳಿಯಲಿಲ್ಲ. ಡ್ರಮ್ಮಿನವರೆಗೂ ಬಂದ. ನಾನು ನೋಡುತ್ತಿದ್ದೇನೆಂದು ಬಂದ. ಕಾರು ಗಿರಗಿರನೆ ತಿರುಗಿ ಹುಲ್ಲಿನೊಳಕ್ಕೆ ನುಗ್ಗಿ ಹಿಂದುಮುಂದಾಗಿ ನಿಂತಿತು. ಓಡಿದೆ. ಚಪ್ಪಲಿ ಎಲ್ಲಿ ಬಿದ್ದವೋ ಗೊತ್ತಿಲ್ಲ. ಅವನಿಗೆ ಏನೂ ಆಗಿರಲಿಲ್ಲ. ಆದರೆ ಸ್ಟೀರಿಂಗ್ ಹಿಡಿದ ಕೈಗಳು ಬಿಡುತ್ತಲೇ ಇರಲಿಲ್ಲ. ಒಂದೊಂದೇ ಬೆರಳು ಬಿಡಿಸಿದೆ.

"ನಿನಗೆ ಭಯ ಆಗತ್ತಾ?"

"ದೀಪಾವಳಿಗೆ ಮುಂಚೆ ಒಂದ್ಸಲ ಹಿಂಗೇ ತಿರುಗಿಬಿಟ್ಟಿತ್ತು. ಆವತ್ತಿಂದ."

"ಮತ್ತೆ ಯಾಕೋ ಬಿಡಲಿಲ್ಲ?"

"ಲೆಕ್ಕ ಹಾಕು ಅಂದಿದ್ದೇ ಅದಕ್ಕೆ. ನಾನು ನಿಧಾನ ಅಂತ ನೀನೇ ಹೇಳಿದ್ರೆ ಮರ್ಯಾದೆಯಾಗಿ ಬಿಡಬಹುದು ಅಂತ. ನೀನು ನೋಡಿದ್ರೆ ಖುಷಿಯಾಗ್ಬಿಟ್ಟೆ. ಅಪ್ಪ ಹೋದ್ಮೇಲೆ ನೀನು ಹಾಡಿದ್ದು ನಾನು ಕೇಳೇ ಇರಲಿಲ್ಲಮ್ಮ. ಹೆಂಗೆ ಹೇಳ್ಲಿ?"

ಬ್ಯಾಂಕಿನ ಅರ್ಜಿಯನ್ನು ಪೋಸ್ಟ್ ಮಾಡಿಲ್ಲ ಎಂದ. ಮಗನನ್ನು ಅಪ್ಪಿಕೊಂಡು ಆ ಹುಲ್ಲಿನಲ್ಲೇ ಅತ್ತುಬಿಟ್ಟೆ. ಎರಡು ತಿಂಗಳು ಅವನ ಹೆದರಿಕೆಯನ್ನು ದಶಾಂಶ ಹಾಕಿ ಬರೆದುಕೊಂಡು ಅದಕ್ಕೆ ಮಿತವ್ಯಯವೆಂದು ಹೆಸರಿಟ್ಟ ಹೆಂಗಸು ನಾನು. ದೇವರು ದೊಡ್ಡವನು, ಇವತ್ತಾದರೂ ಕಣ್ಣು ತೆರೆಸಿದ. ಇನ್ನು ಆ ದರಿದ್ರ ಜಾಗಕ್ಕೆ ಕಾಲಿಡುವುದಿಲ್ಲ.

೧೬ ಜನವರಿ, ಸೋಮವಾರ

ಸ್ಕೂಲು ಮುಗಿಸಿ ಮರಿಯಣ್ಣನವರ ಅಂಗಡಿಗೆ ಹೋದೆ. ಅವನಿಗೆ ಭಯವೆಂದು ಹೇಳಿದರೆ ಚಾಮರಾಜಪೇಟೆಯಲ್ಲಿ ಅವನು ತಲೆಯೆತ್ತಿ ತಿರುಗುವುದು ಹೇಗೆ. ಹಾಗಾಗಿ ಆಂಜಿಯ ಪ್ರತಿ ಸುತ್ತಿಗೂ ಒಂದಿಷ್ಟು ಸೆಕೆಂಡು ಕೂಡಿಸಿ ಹೊಸ ಪಟ್ಟಿ ಬರೆದುಕೊಂಡು ಹೋಗಿದ್ದೆ.

"ಮೊದಲು ಕೂಡಿದ್ದು ತಪ್ಪಾಗಿತ್ತು ಮರಿಯಣ್ಣೋರೆ. ಆಂಜಿ ನಿಧಾನ. ಐದನೆಯವನು."

ಅವರು ಪಟ್ಟಿಯನ್ನು ಓದಲೂ ಇಲ್ಲ.

"ನಿಮ್ಮ ಲೆಕ್ಕ ನೀವೇ ತಪ್ಪು ಅಂದ್ಮೇಲೆ ನಾನೇನು ಹೇಳ್ಲಿ ಟೀಚರಮ್ಮ. ಸ್ವಂತ ಮಗನ್ನ ಕೊನೆಗೆ ಹಾಕೋಕೆ ಎದೆಗಾರಿಕೆ ಬೇಕು."

ಇದನ್ನು ಸುಳ್ಳೆನ್ನಲಾಗದು. ತಿದ್ದುಪಡಿ ಎನ್ನಬಹುದು.

ಆಂಜಿ ರಾತ್ರಿ ಮೂರು ಮುದ್ದೆ ಉಂಡ. ಅತ್ತೆ ಎಣಿಸಿ ಹೇಳಿದರು.

೨೪ ಜನವರಿ, ಮಂಗಳವಾರ

ಆಂಜಿ ಬ್ಯಾಂಕಿಗೆ ಸೇರಿದ. ಚಿಕ್ಕಪೇಟೆಯ ಬ್ರಾಂಚು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕಾಲಿಗೆ ಬಿದ್ದು ಹೋದ. ನಾನು ಬಯಸಿದ್ದೆಲ್ಲ ಕೈಗೆ ಬಂತು.

ಬೇಳೆ ಸೀದುಹೋಯಿತು. ಒಂಬತ್ತನೇ ತರಗತಿಯವರು ಕಾರಿನ ಲೆಕ್ಕ ಕೊಡಿ ಮಿಸ್ ಎಂದರು. ಹಾಲಿನ ಡೈರಿಯ ಲೆಕ್ಕ ಕೊಟ್ಟೆ.

೨೮ ಜನವರಿ, ಶನಿವಾರ

ಮರಿಯಣ್ಣನವರು ಮನೆಗೆ ಬಂದಿದ್ದರು. ಶ್ರೀರಾಂಪುರದ ಪುಟ್ಟಯ್ಯ ಎಂಬ ಹುಡುಗ ಸಿಕ್ಕಿದ್ದಾನಂತೆ, ಹಿಟ್ಟಿನ ಗಿರಣಿಯ ಪಿಳ್ಳಮ್ಮನ ಮಗ. ಓಡಿಸುತ್ತಾನೆ, ಆದರೆ ಬರೆದುಕೊಳ್ಳುವವರಿಲ್ಲ. ಆಗುವುದಿಲ್ಲವೆಂದು ಖಂಡಿತವಾಗಿ ಹೇಳಿದೆ. ಅವರು ಕಾಫಿ ಕುಡಿದು ಹೊರಟಾಗ, ಟ್ಯಾಂಕು ತುಂಬಿಸಿಯೇ ಓಡಿಸಿ ಎಂದು ಮೆಟ್ಟಿಲವರೆಗೂ ಹೋಗಿ ಹೇಳಿ ಬಂದೆ. ಅರ್ಧ ಟ್ಯಾಂಕಿನಲ್ಲಿ ಓಡಿಸಿ ಸಂತೋಷಪಡುವ ಪೈಕಿ ಅವರು.

೨೯ ಜನವರಿ, ಭಾನುವಾರ

ಟ್ಯಾಂಕು ತುಂಬಿಸಿದ್ದಾರೋ ಇಲ್ಲವೋ ನೋಡಿ ಬರಲು ಹೋಗಿದ್ದೆ. ತುಂಬಿಸಿರಲಿಲ್ಲ.

೫ ಫೆಬ್ರವರಿ, ಭಾನುವಾರ

ಎರಡು ಭಾನುವಾರದಿಂದ ನೋಡುತ್ತಿದ್ದೇನೆ, ಈ ಪುಟ್ಟಯ್ಯ ಬೇರೆಯೇ ಕುಲ. ಡ್ರಮ್ಮನ್ನು ದಾಟಿ ಬ್ರೇಕು ಹಾಕುತ್ತಾನೆ. ಎರಡು ಸಲ ಹುಲ್ಲಿಗೆ ಹೋದ. ನಗುತ್ತ ಎದ್ದು ಬಂದ. ಮರಿಯಣ್ಣನವರು ಟೈರು ಮುಟ್ಟಿ ಕೈ ಕೊಡವಿಕೊಂಡರು. ಬಲಗಡೆಯ ಮುಂದಿನ ಟೈರಿನಲ್ಲಿ ಕೈವಾರದ ಮುಳ್ಳು ಇಳಿಯಲು ಗುಳಿಯೇ ಉಳಿದಿರಲಿಲ್ಲ.

ಟೈರು ಅಂದ ಮೇಲೆ ಸವೆಯಬೇಕು. ಅದಕ್ಕೇ ಅದನ್ನು ಮಾಡಿರುವುದು. ಬೀರುವಿನಲ್ಲಿಟ್ಟು ಪೂಜೆ ಮಾಡಲಿಕ್ಕಲ್ಲ.

ಅಂಕಿಗಳನ್ನು ನೋಡಿದರೆ ಮೊದಲ ಹತ್ತು ಸುತ್ತಿನಲ್ಲೇ ಅವನು ಎಲ್ಲರಿಂದ ಬಹಳ ಮುಂದಿರುತ್ತಾನೆ. ಆಮೇಲೆ ಟೈರು ಹೋದರೂ ಹಿಂದಿನವರು ಹಿಡಿಯುವಷ್ಟರಲ್ಲಿ ರೇಸು ಮುಗಿದಿರುತ್ತದೆ. ಮೆದು ಟೈರು ಹಾಕಿದರೆ ಇನ್ನೂ ಮುಂದೆ. ಕೊನೆಯ ಸುತ್ತುಗಳಲ್ಲಿ ಕಾರು ಜಾರಬಹುದು. ಹಿಡಿದುಕೊಳ್ಳುತ್ತಾನೆ.

"ಡ್ರಮ್ಮಿನ ಹತ್ರ ಇನ್ನೂ ಸ್ವಲ್ಪ ತಡ ಮಾಡಿ ಬ್ರೇಕ್ ಹಾಕು," ಎಂದೆ.

"ಸರಿ ಮಿಸ್," ಎಂದ.

ಒಗ್ಗರಣೆ ಹಾಕುವಾಗ ಅತ್ತೆ, "ಕೆಮ್ಮು ಮತ್ತೆ ಶುರುವಾಯ್ತಾ?" ಎಂದರು.

೧೧ ಫೆಬ್ರವರಿ, ಶನಿವಾರ

ಮಧ್ಯಾಹ್ನ ಪಿಳ್ಳಮ್ಮ ಬಂದಿದ್ದಳು. ಗಿರಣಿಯಿಂದ ನೇರವಾಗಿ ಬಂದಿರಬೇಕು, ರೆಪ್ಪೆಯ ಮೇಲೆಲ್ಲ ಹಿಟ್ಟು. ಕುರ್ಚಿ ತೋರಿಸಿದರೂ ನೆಲದ ಮೇಲೇ ಕೂತಳು. ಕಾಫಿ ಕೊಟ್ಟೆ.

"ಅಮ್ಮೋರೆ, ಭಾನುವಾರ ಬಂದ್ರೆ ನಂಗೆ ಗಿರಣಿ ಸದ್ದೇ ಕೇಳ್ಸಲ್ಲ. ಅವ್ನಿಗೆ ಒಂದು ಚೂರೂ ಹೆದ್ರಿಕೆ ಇಲ್ಲ. ಹೆದ್ರಿಕೆ ಇರೋನಾದ್ರೆ ನಾನು ಸುಮ್ನಿರ್ತಿದ್ದೆ."

ಹುಡುಗ ಚೆನ್ನಾಗಿ ಓಡಿಸುತ್ತಾನೆ, ಹೆಮ್ಮೆಪಡಬೇಕು ಎಂದೆ.

"ಪಡ್ತೀನಿ ಅಮ್ಮೋರೆ. ಆದ್ರೆ ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಪಟ್ಟಿ ಬರೆಯೋರು ನೀವು. ಇವ್ನು ನಿಧಾನ ಅಂತ ಒಂದು ಮಾತು ಬರೆದ್ಬಿಡಿ. ಮರಿಯಣ್ಣೋರು ನಿಮ್ ಮಾತು ದಾಟಲ್ಲ. ಬಿಟ್ಬಿಡ್ತಾರೆ. ಅವ್ನಿಗೆ ಗೊತ್ತಾಗ್ದೇ ಇದ್ರೆ ಆಯ್ತು."

ನನಗೆ ನಿಜವಾಗಿ ಕಸಿವಿಸಿಯಾಯಿತು. ಪಾಪ, ಓದು ಬರಹ ಇಲ್ಲದವಳು, ಏನು ಕೇಳುತ್ತಿದ್ದೇನೆಂದು ಅವಳಿಗೇ ತಿಳಿಯದು. ಬೈಯಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವಷ್ಟು ಸಮಾಧಾನದಿಂದ ತಿಳಿಸಿ ಹೇಳಿದೆ.

"ನೋಡಿ ಪಿಳ್ಳಮ್ಮ, ಅಂಕಿಗಳನ್ನ ನಮಗೆ ಬೇಕಾದ ಹಾಗೆ ಬದಲಾಯಿಸೋಕೆ ಆಗಲ್ಲ. ವಾಚು ಏನು ತೋರಿಸತ್ತೋ ಅದನ್ನೇ ಬರೀಬೇಕು. ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ನಾನು ಹೇಳಿಕೊಟ್ಟಿರೋದೇ ಅದು."

ಅವಳು ನೆಲಕ್ಕೆ ಕೈಯೂರಿ ಎದ್ದಳು. ಕಾಫಿ ಹಾಗೇ ಇತ್ತು. ಶನಿವಾರ ಅರ್ಧ ದಿನ ಬ್ಯಾಂಕು ಮುಗಿಸಿ ಬಂದಿದ್ದ ಆಂಜಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವಳಿಗೆ ದಾರಿ ಬಿಟ್ಟ. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತ.

"ಯಾಕೋ?" ಎಂದೆ.

"ಏನಿಲ್ಲಮ್ಮ," ಎಂದು ಒಳಗೆ ಹೋದ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಬ್ಯಾಂಕಿನಲ್ಲಿ ಏನೋ ತಿಂದು ಬಂದಿರಬೇಕು.

ಕೆಲವು ತಾಯಂದಿರು ಹೀಗೆಯೇ, ಮಕ್ಕಳನ್ನು ಮುಂದೆ ಹೋಗಲು ಬಿಡುವುದಿಲ್ಲ. ಮರಿಯಣ್ಣನವರಿಗೆ ಹೇಳಿ ಕಳಿಸಿದ್ದೇನೆ, ನಾಳೆ ಪುಟ್ಟಯ್ಯನಿಗೆ ಮೆದು ಟೈರು ಹಾಕಿಸಬೇಕು.